ಹೊಸ ಸಪ್ಲೈಗೆ ಹಳೇ ಕೇಬಲ್

ಮಾರ್ಚ್ 4

ಅಪ್ಪ,

ತೀರ್ಥರೂಪು, ಸಾಷ್ಟಾಂಗ ಅಂತೆಲ್ಲ ಶುರು ಮಾಡೋ ಮನಸ್ಸಿಲ್ಲ. ಅಪ್ಪ ಅಂತ ಬರೆದಿರೋದೇ ಹೆಚ್ಚು.

ಫೋನ್ ಮಾಡದೆ ಕಾಗದ ಯಾಕೆ ಅಂದ್ರೆ, ಫೋನಿನಲ್ಲಿ ನಿಮ್ಮ ಜೊತೆ ಜಗಳ ಆಡಿ ಗೆದ್ದವರು ಇವತ್ತಿನವರೆಗೂ ಯಾರೂ ಇಲ್ಲ. ನಾನು ಒಂದು ಮಾತು ತೆಗೆಯೋಷ್ಟರಲ್ಲಿ ಮಧ್ಯೆ ಬಾಯಿ ಹಾಕಿ, ತಿರುಗಿಸಿ ಮುರುಗಿಸಿ ತಪ್ಪು ನನ್ನದೇ ಅಂತ ಮಾಡಿ, "ಆಯ್ತು ಬಿಡು, ಊಟ ಆಯ್ತಾ" ಅಂತ ಇಟ್ಟುಬಿಡ್ತೀರ. ಕಾಗದಕ್ಕೆ ಮಧ್ಯೆ ಬಾಯಿ ಹಾಕೋಕಾಗಲ್ಲ. ಪೂರ್ತಿ ಓದಿ.

ಕೆಲಸದ ಮೇಲೆ ಹೊರಗೆ ಹೋಗಿದ್ದವಳು ನಿನ್ನೆ ವಾಪಸ್ ಬಂದೆ. ಬಾಗಿಲು ತೆಗೆದ ಕೂಡಲೇ ಗೊತ್ತಾಯ್ತು, ನಾನು ಕೊಟ್ಟಿದ್ದ ಕೀಲಿಯಲ್ಲಿ ನೀವು ಬಂದು ಹೋಗಿದ್ದೀರ ಅಂತ. ಮೇಜಿನ ಮೇಲೆ ನಿಮ್ಮ ಮೀಟರ್, ಸಿಂಕಿನಲ್ಲಿ ತೊಳೆಯದ ಲೋಟ, ಕಂಪ್ಯೂಟರಿನ ನೆತ್ತಿಗೆ ಅಂಟಿಸಿದ ಚೀಟಿ: "ಹೊಸ ಪವರ್ ಸಪ್ಲೈ ಹಾಕಲಾಗಿದೆ. ಇನ್ನು ಮುಂದೆ ತಾನಾಗಿ ಆಫ್ ಆಗುವುದಿಲ್ಲ." ಅದೂ ಪ್ರಿಂಟ್ ಹೊಡೆದಿದ್ದು! ಮನೆಯಿಂದಲೇ ತಂದಿರಬೇಕು. ಕೆಲಸ ಶುರು ಮಾಡೋ ಮುಂಚೆಯೇ ಕೆಲಸ ಮುಗೀತು ಅನ್ನೋ ಚೀಟಿ. ನಿಮ್ಮನ್ನು ಬಿಟ್ಟರೆ ಇನ್ಯಾರಿಗೆ ಬರುತ್ತೆ ಈ ಧೈರ್ಯ?

ನಾನು ನಿಮಗೆ ಈ ಕೆಲಸ ಹೇಳಿದ್ನಾ? ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಆಫ್ ಆಗ್ತಿದೆ, ವಾಪಸ್ ಬಂದ ಮೇಲೆ ಅಂಗಡಿಗೆ ಕೊಡ್ತೀನಿ ಅಂದೆ, ಅಷ್ಟೇ. ನೀವು "ನಾನಿರುವಾಗ ಅಂಗಡಿ ಯಾಕೆ" ಅಂದ್ರಿ. ನಾನು ಬೇಡ ಅಂದೆ. ಕನ್ನಡದಲ್ಲೇ ಅಂದೆ.

ಈಗ ಆಗಿರೋದು ಕೇಳಿ. ಕಂಪ್ಯೂಟರ್ ಏನೋ ಏಳುತ್ತೆ. ಫ್ಯಾನ್ ತಿರುಗುತ್ತೆ, ದೀಪ ಹತ್ತುತ್ತೆ. ಅಷ್ಟನ್ನು ನೋಡಿ ನೀವು ಹೊರಟಿರಬೇಕು. ಆದರೆ ಪರದೆ ಮೇಲೆ ದೊಡ್ಡ ಹಾರ್ಡ್ ಡಿಸ್ಕ್ ಕಾಣಿಸ್ತಾನೇ ಇಲ್ಲ. ಕ್ಯಾಬಿನೆಟ್ ತೆಗೆದು ಅದರ ಹತ್ತಿರ ಕಿವಿ ಇಟ್ಟೆ, ಸದ್ದಿಲ್ಲ. ಮೂಗು ಇಟ್ಟೆ, ಸುಟ್ಟ ವಾಸನೆ. ಆ ಡಿಸ್ಕಿನಲ್ಲಿ ನನ್ನ ಆರು ವರ್ಷ ಇದೆ ಅಪ್ಪ. ನೀವು ಬಂದ ನೆಂಟರಿಗೆಲ್ಲ "ಮೇಕೆ ಸಿನಿಮಾ" ಅಂತ ಹೇಳಿ ನಗ್ತೀರಲ್ಲ, ಅದೇ. ಜೇಡಿಮಣ್ಣಿನ ಮುದುಕಿ, ಜೇಡಿಮಣ್ಣಿನ ಮೇಕೆ. ಆ ಮೇಕೆ ಒಂದು ಹೆಜ್ಜೆ ಇಡಬೇಕಾದರೆ ಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಹಗಲೆಲ್ಲ ಜಾಹೀರಾತಿನವರಿಗೆ ಸೋಪು, ಬಿಸ್ಕತ್ತಿನ ಬೊಂಬೆ ಮಾಡಿಕೊಟ್ಟು ಬಂದು ಉಳಿದ ಹೊತ್ತಿನಲ್ಲಿ ಮಾಡಿದ್ದು. ಮೇ ತಿಂಗಳ ಕೊನೆಗೆ ಮಕ್ಕಳ ಚಿತ್ರ ಸಂಸ್ಥೆಗೆ ಒಪ್ಪಿಸಬೇಕು. ಒಪ್ಪಿಸಿದರೆ ಅವರು ಶಾಲೆ ಶಾಲೆಗೆ ತಗೊಂಡು ಹೋಗಿ ತೋರಿಸ್ತಾರೆ. ಒಪ್ಪಿಸದಿದ್ದರೆ ಬೇರೆಯವರ ಚಿತ್ರ ತೋರಿಸ್ತಾರೆ.

ಉಳಿದಿರೋದು ಒಂದೇ. ನಿಮ್ಮ ಬೀರುವಿನಲ್ಲಿ ಅಮ್ಮನ ಸೀರೆಗಳ ಕೆಳಗೆ ಇಟ್ಟುಬಂದ ಡಿಸ್ಕಿನಲ್ಲಿರೋ ಪ್ರತಿ. ಅಕ್ಟೋಬರಿನಲ್ಲಿ ಮಾಡಿದ್ದು, ಅದರಲ್ಲಿ ಕೊನೆಯ ದೃಶ್ಯ ಇಲ್ಲ. ಮೇಕೆ ಮಾಳಿಗೆ ಹತ್ತೋದು ಆಮೇಲೆ ತೆಗೆದಿದ್ದು. ಆದರೂ ಮಿಕ್ಕಿದ್ದೆಲ್ಲ ಇದೆ. ತಿಂಗಳ ಕೊನೆಗೆ ನಾನೇ ಬಂದು ತಗೊಂಡು ಹೋಗ್ತೀನಿ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ, ಒರೆಸಬೇಡಿ, ಬೀರುವಿನ ಬಾಗಿಲೂ ತೆಗೀಬೇಡಿ.

ನಿಮ್ಮ ಮಗಳು


ಮಾರ್ಚ್ 9

ನಮ್ಮ ಮೆಣಸಿನಕಾಯಿಗೆ,

ಕಾಗದ ತಲುಪಿತು. ನಿನ್ನ ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಬೈಗುಳ ಬಂದ ಕಡೆಯೆಲ್ಲ ಅವಳು ತಲೆ ಆಡಿಸಿದಳು. ತಾಯಿ ಮಗಳು ಒಂದೇ ಪಕ್ಷ, ಅದು ನನಗೆ ಹೊಸದಲ್ಲ.

ಈಗ ನೀನು ಕೇಳು. ಮೂವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು ನಾನು. ಹತ್ತು ಅಂತಸ್ತಿನ ಮೇಲೆ ನನ್ನ ಕೈ ಕೆಲಸ ನಂಬಿ ಜನ ನಿಂತಿದ್ದಾರೆ, ಒಬ್ಬನೂ ಕೆಳಗೆ ಬೀಳಲಿಲ್ಲ. ಈ ಬೀದಿಯಲ್ಲಿರೋ ಅರ್ಧ ಕಂಪ್ಯೂಟರುಗಳನ್ನು ಜೋಡಿಸಿದ್ದು ನಾನು. ನಿನ್ನ ಕಂಪ್ಯೂಟರನ್ನೂ ನಾನೇ ಜೋಡಿಸಿದ್ದು, ನೀನು ಪಕ್ಕದಲ್ಲಿ ಕೂತು ಸ್ಕ್ರೂ ಎಣಿಸಿ ಕೊಟ್ಟಿದ್ದು ಮರೆತೆಯಾ?

ಸಪ್ಲೈ ಚೆನ್ನಾಗಿದೆ. ಹಾಕುವ ಮುಂಚೆ ಮೀಟರಿನಲ್ಲಿ ನೋಡಿದೆ. ಹನ್ನೆರಡು ವೋಲ್ಟ್ ಬರಬೇಕಾದ ಕಡೆ ಹನ್ನೆರಡು, ಐದು ಬರಬೇಕಾದ ಕಡೆ ಐದು. ನಿನ್ನ ಡಿಸ್ಕ್ ಹಳೆಯದು. ಹಳೆಯದಕ್ಕೆ ಒಂದು ದಿನ ಹೋಗೋದು ಇದ್ದೇ ಇರುತ್ತೆ. ನಾನು ಬಂದ ದಿನವೇ ಹೋಗಬೇಕು ಅಂತ ಅದಕ್ಕಿತ್ತು, ನನ್ನ ಗ್ರಹಚಾರ.

ಇನ್ನು ಮುಟ್ಟಬೇಡಿ ಅಂದಿದ್ದೀಯ. ಮೊದಲನೆಯದು ಹೋದ ಮೇಲೆ ಒಂದೇ ಪ್ರತಿ ಇಟ್ಟುಕೊಂಡು ತಿಂಗಳ ಕೊನೆಯವರೆಗೆ ಕೈಕಟ್ಟಿ ಕೂರೋದು ಬುದ್ಧಿವಂತರ ಲಕ್ಷಣ ಅಲ್ಲ. ನಿನ್ನ ಹಳೇ ಸಪ್ಲೈ ಇಲ್ಲೇ ತಂದಿದ್ದೀನಿ, ಅದರ ಫ್ಯಾನ್ ಒಂದೇ ಕೆಟ್ಟಿದ್ದು, ಬದಲಾಯಿಸಿ ಸರಿಮಾಡಿದೆ. ಹೊಸ ಸಪ್ಲೈಯ ಡಬ್ಬದಲ್ಲಿ ಬಂದಿದ್ದ ಕೇಬಲ್‌ಗಳೂ ಹಾಗೇ ಇವೆ. ನಾಳೆ ಬೆಳಿಗ್ಗೆ ಅವನ್ನು ಹಚ್ಚಿ, ನಿನ್ನ ಪ್ರತಿಯಿಂದ ಇನ್ನೊಂದು ಪ್ರತಿ ಇಳಿಸಿ ಇಡ್ತೀನಿ. ಬಂದಾಗ ಎರಡೂ ಒಯ್ಯಿ. ಆಮೇಲೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿದರೆ ಅದನ್ನೂ ಕಾಗದದಲ್ಲೇ ಬರಿ.

ಇಂತಿ,
ಅಪ್ಪ


ಮಾರ್ಚ್ 12

ಅಪ್ಪ,

ಬೇಡ. ಬೇಡ. ಬೇಡ.

ನಿಮ್ಮ ಕಾಗದ ಈಗ ಬಂತು. ಓದಿದ ತಕ್ಷಣ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಎಲ್ಲಿ ಹಾಳಾಗಿ ಹೋಗಿದ್ದೀರ ಇಬ್ಬರೂ? ಇದನ್ನು ಅರ್ಜೆಂಟ್ ಪೋಸ್ಟಿನಲ್ಲಿ ಹಾಕ್ತಿದ್ದೀನಿ.

ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಕ್ಯಾಬಿನೆಟ್ ತೆಗೆದು ನೋಡಿದ ತಕ್ಷಣ ಕೇಳಿದಳು: "ಸಪ್ಲೈ ಹೊಸದು, ಕೇಬಲ್ ಹಳೇದು. ಯಾರು ಹಾಕಿದ್ದು ಇದನ್ನ?" ನಮ್ಮಪ್ಪ ಅಂದೆ. ಆಕೆ ಪಾಪ, ಬೈಗುಳ ನುಂಗಿಕೊಂಡಳು. ಆಮೇಲೆ ವಿವರಿಸಿದಳು. ಡಿಸ್ಕಿಗೆ ಸಿಕ್ಕಿಸೋ ತುದಿ ಎಲ್ಲ ಕಂಪನಿಯದೂ ಒಂದೇ. ಸಪ್ಲೈಗೆ ಸಿಕ್ಕಿಸೋ ಇನ್ನೊಂದು ತುದಿ ನೋಡೋಕೆ ಒಂದೇ ಥರ, ಸರಿಯಾಗಿ ಕೂತೂ ಕೂರುತ್ತೆ, ಆದರೆ ಯಾವ ಪಿನ್ನಿನಲ್ಲಿ ಏನು ಬರುತ್ತೆ ಅನ್ನೋದು ಒಂದೊಂದು ಕಂಪನಿಗೆ ಒಂದೊಂದು ಥರ. ಐದು ವೋಲ್ಟ್ ಹೋಗಬೇಕಾದ ತಂತಿಯಲ್ಲಿ ಹನ್ನೆರಡು ಹೋಗಿ ನನ್ನ ಡಿಸ್ಕ್ ಸುಟ್ಟಿದೆ. ನೀವು ಅಲ್ಲಿ ಮಾಡಹೊರಟಿರೋದು ಅದನ್ನೇ ಉಲ್ಟಾ. ಹಳೇ ಸಪ್ಲೈಗೆ ಹೊಸ ಕೇಬಲ್! ಹಚ್ಚಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ ಅಂತ ಬರೀಬೇಕಾ? ಬರೆದೆ. ಹಚ್ಚಬೇಡಿ.

ಮಗಳು


ಮಾರ್ಚ್ 15

ಮಗಳೇ,

ನಿನ್ನ ಅರ್ಜೆಂಟ್ ಕಾಗದ ಈಗ ಬಂತು. ಕೆಲಸ ಮೊನ್ನೆಮೊನ್ನೆಯೇ ಕೆಟ್ಟಿತ್ತು. ಅವರು ನಿನಗೆ ಕಾಗದ ಹಾಕಿಬಂದ ಮಾರನೇ ಬೆಳಿಗ್ಗೆ ಹಚ್ಚಿದರು. ಟಪ್ ಅಂತ ಒಂದು ಸದ್ದು, ಆಮೇಲೆ ಆ ವಾಸನೆ. ಒಲೆ ಮೇಲೆ ಏನೋ ಸೀದಿತು ಅಂತ ನಾನು ಅಡುಗೆಮನೆಗೆ ಓಡಿದೆ. ಅಲ್ಲಿ ಏನೂ ಇರಲಿಲ್ಲ.

ಫೋನ್ ನಾನೇ ಎತ್ತಲಿಲ್ಲ. ನಿನ್ನ ಹೆಸರು ಬರ್ತಾನೇ ಇತ್ತು, ನೋಡ್ತಾ ಕೂತಿದ್ದೆ. ಎತ್ತಿ ಏನಂತ ಹೇಳಲಿ?

ಅವರು ಮೇಜಿನ ಮುಂದೆ ಕೂತವರು ಕೂತೇ ಇದ್ದಾರೆ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ಗೊತ್ತಾಗ್ತಿಲ್ಲ, ಅದಕ್ಕೇ ಎಲ್ಲರ ಮೇಲೂ ಮಾಡ್ತಿದ್ದೀನಿ. ನಿನ್ನ ಮೇಲೂ ಇದೆ. ಇಷ್ಟೊಂದು ಬೆಲೆಬಾಳೋ ವಸ್ತುನ ಸೀರೆ ಕೆಳಗೆ ಇಟ್ಟು, ಒಂದು ಮಾತು ಸರಿಯಾಗಿ ಹೇಳದೆ ಹೋಗೋದಾ? ಅವರು ನನಗೆ ಓದಿ ಹೇಳಿದ್ದು ನಿನ್ನ ಬೈಗುಳವಷ್ಟೇ, ಬೀರುವಿನ ಮಾತು ಓದಲೇ ಇಲ್ಲ. ನನಗೆ ಹೇಳಿದ್ದರೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ತಿದ್ದೆ.

ಹೊಟ್ಟೆಗೆ ಏನಾದರೂ ತಿನ್ನು.

ಅಮ್ಮ


ಮಾರ್ಚ್ 20

ಅಪ್ಪ,

ಕೋಪ ಇಳಿದ ಮೇಲೆ ಬರೆಯೋಣ ಅಂತ ಕಾದೆ. ಇಳೀತಿಲ್ಲ. ಹಾಗಾಗಿ ಕೋಪದಲ್ಲೇ ಬರೀತೀನಿ.

ನೀವು ಹುಟ್ಟಾ ಹೀಗೆ. ಕೈಗೆ ಸಿಕ್ಕಿದ್ದೆಲ್ಲ ಬಿಚ್ಚಬೇಕು. ನನ್ನ ಮೊದಲನೇ ರೇಡಿಯೋ ನಾನು ಒಂದು ವಾರ ಕೇಳಲಿಲ್ಲ, "ಸೌಂಡ್ ಇನ್ನೂ ಚೆನ್ನಾಗಿ ಬರೋ ಹಾಗೆ ಮಾಡ್ತೀನಿ" ಅಂತ ಬಿಚ್ಚಿದ್ರಿ. ಅಮ್ಮನ ಮಿಕ್ಸಿ, ಪಕ್ಕದ ಮನೆ ಟೀಚರಮ್ಮನ ಗಡಿಯಾರ, ಅತ್ತೆಯ ಹೊಲಿಗೆ ಮಿಷನ್. ಸರಿಹೋದವೂ ಇವೆ, ಇಲ್ಲ ಅನ್ನಲ್ಲ. ಆದರೆ ಒಂದು ಸಲನಾದರೂ ಕೇಳಿ ಬಿಚ್ಚಿದ್ದೀರಾ? ನಿಮ್ಮ ಮಗಳು ಬೇಡ ಅಂದ್ರೆ ಅದು ಬೇಡ ಅಂತ ಅಲ್ಲ ನಿಮ್ಮ ಲೆಕ್ಕದಲ್ಲಿ, ಸಂಕೋಚ ಅಂತ!

ಆ ಮುದುಕಿ ಬೊಂಬೆ ಈಗಿಲ್ಲ ಗೊತ್ತಾ? ಮುಖ ಬಿರುಕು ಬಿಟ್ಟಿತು, ಕರಗಿಸಿ ಮೇಕೆಗೆ ಬಳಸಿದೆ. ಮಾಳಿಗೆ, ಅಂಗಳ, ಬಟ್ಟೆ ಒಣಹಾಕೋ ಹಗ್ಗ ಎಲ್ಲ ಕಿತ್ತು ಕೋಣೆ ಖಾಲಿ ಮಾಡಿಕೊಟ್ಟಾಯ್ತು. ಫೋಟೋ ಇದೆಯಲ್ಲ, ಬೊಂಬೆ ಯಾಕೆ ಅಂತ. ಈಗ ಫೋಟೋನೂ ಇಲ್ಲ. ಅವಳು ಎಲ್ಲೂ ಇಲ್ಲ.

ಒಂದು ಮಾತ್ರ ನನಗೆ ಅರ್ಥವಾಗ್ತಿಲ್ಲ, ಅದಕ್ಕೆ ಉತ್ತರ ಕೊಡಿ. ಡಬ್ಬದಲ್ಲಿ ಹೊಸ ಕೇಬಲ್ ಇತ್ತು. ಹೊಸ ಸಪ್ಲೈಗೆ ಅದರದೇ ಕೇಬಲ್ ಹಾಕೋದು ಬಿಟ್ಟು, ಹಳೇದನ್ನು ಹಾಗೇ ಉಳಿಸಿ ಇದಕ್ಕೆ ಯಾಕೆ ಸಿಕ್ಕಿಸಿದ್ರಿ? ಒಂದು ವಾಷರ್ ಹಳೇದು ಹಾಕಿದ್ದಕ್ಕೆ ನಿಮ್ಮ ಕೈಕೆಳಗಿನವನನ್ನು ಮನೆಗೆ ಕಳಿಸಿದವರು ನೀವು. ಸೋಮಾರಿತನವಾ? ವಯಸ್ಸಾಯ್ತಾ? ಅಥವಾ ಮೇಕೆ ಸಿನಿಮಾಗೆ ಇಷ್ಟು ಸಾಕು ಅಂತಾನಾ?

ಇನ್ನೊಂದು. ಮಗಳಿಗೆ ಪ್ರಿಂಟ್ ಹೊಡೆದು ಕಾಗದ ಕಳಿಸೋದು ನಿಲ್ಲಿಸಿ. ನೋಟಿಸ್ ಬಂದ ಹಾಗಿರುತ್ತೆ. ಕೈಯಲ್ಲಿ ಬರೆಯೋಷ್ಟೂ ಪುರುಸೊತ್ತಿಲ್ವಾ ನಿಮಗೆ?

ಮಗಳು


ಏಪ್ರಿಲ್ 6

ಮೆಣಸಿನಕಾಯಿಗೆ,

ಬೈದಿದ್ದು ಸಾಕಾಗಿದ್ದರೆ ಕೆಲಸದ ಮಾತು ಆಡೋಣ. ಸಾಕಾಗದಿದ್ದರೆ ಕೆಲಸ ಮುಗಿದ ಮೇಲೆ ಮುಂದುವರಿಸು.

ಮೊದಲು ನನ್ನ ಸಿಟ್ಟು. ಪ್ಲಗ್ಗಿನ ಆಕಾರ ಒಂದೇ ಮಾಡಿ, ಒಳಗೆ ತಂತಿ ಬೇರೆ ಬೇರೆ ಕೂರಿಸಿದನಲ್ಲ, ಅವನನ್ನು ಲಿಫ್ಟ್ ಗುಂಡಿಯೊಳಗೆ ಇಳಿಸಿ ಬಾಗಿಲು ಹಾಕಬೇಕು. ತಪ್ಪಾಗಿ ಸಿಕ್ಕಿಸೋಕೆ ಆಗದ ಹಾಗೆ ಮಾಡೋದು ಮಾಡುವವನ ಕೆಲಸ. ನಮ್ಮ ಕೆಲಸದಲ್ಲಿ ಹೀಗೆ ಮಾಡಿದ್ದರೆ ಜೈಲಿಗೆ ಹಾಕ್ತಿದ್ದರು. ಹಳೇ ಕೇಬಲ್ ಯಾಕೆ ಉಳಿಸಿದೆ ಅಂತ ಕೇಳಿದ್ದೀಯ. ಒಳಗೆ ನೀಟಾಗಿ ಕಟ್ಟಿತ್ತು, ಕೆದಕೋದು ಬೇಡ ಅನ್ನಿಸಿತು. ಅಷ್ಟೇ. ಅದರ ಬಗ್ಗೆ ಇನ್ನು ಕೇಳಬೇಡ.

ಈಗ ಗಮನವಿಟ್ಟು ಓದು. ಮೂರು ವಾರದಿಂದ ಇದೇ ಓದ್ತಿದ್ದೀನಿ. ಡಿಸ್ಕಿನ ಹೊಟ್ಟೆಯ ಕೆಳಗೆ ಹಸಿರು ಬೋರ್ಡ್ ಇದೆ. ಪವರ್ ಸಿಕ್ಕಿಸೋ ಜಾಗದ ಹತ್ತಿರ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಕಪ್ಪು ಡಯೋಡ್. ಅವು ಕಾವಲುಗಾರರು. ಹೆಚ್ಚು ವೋಲ್ಟ್ ಬಂದರೆ ತಾವು ಸುಟ್ಟುಕೊಂಡು ಒಳಗಿನದನ್ನು ಉಳಿಸ್ತವೆ. ಹಾಗೆ ಸುಟ್ಟಾಗ ಅವು ದಾರಿಗೆ ಅಡ್ಡ ಬಿದ್ದ ಹಾಗೆ, ಡಿಸ್ಕ್ ಏಳೋದೇ ಇಲ್ಲ. ಬಿದ್ದಿರೋನನ್ನು ತೆಗೆದುಹಾಕಿದರೆ ಎದ್ದರೂ ಏಳಬಹುದು. ನನ್ನ ಮೀಟರ್ ಅಲ್ಲೇ ಇದೆ. ಡಯೋಡಿನ ಎರಡೂ ತುದಿಗೆ ಹಿಡಿ, ತಿರುಗಿಸಿ ಹಿಡಿ. ಎರಡೂ ಸಲ ಕುಯ್ ಅಂದರೆ ಅದು ಸತ್ತಿದೆ ಅಂತ. ಸತ್ತಿರೋದನ್ನು ಮಾತ್ರ ಕತ್ತರಿಸಿ ತೆಗಿ. ಎಳೀಬೇಡ. ಎಳೆದರೆ ಬೋರ್ಡಿನ ತಾಮ್ರವೂ ಕಿತ್ತು ಬರುತ್ತೆ, ಆಗ ದೇವರೂ ಕೈಬಿಡ್ತಾನೆ.

ಮೇಲೆದ್ದರೆ ಒಂದೇ ಸಲ ಅಂತ ತಿಳಿ. ಕಾವಲುಗಾರ ಇಲ್ಲದ ಮನೆ ಅದು. ಅಂಗಡಿಯಾಕೆಯಿಂದ ಸರಿಯಾದ ಕೇಬಲ್ ಹಾಕಿಸಿಕೊಂಡು, ಎಲ್ಲ ಇಳಿಸಿಕೊಂಡು, ಆಮೇಲೆ ಅದನ್ನು ಮಲಗಿಸು. ಬೋರ್ಡ್ ಬದಲಾಯಿಸ್ತೀವಿ ಅಂತ ಯಾರಾದರೂ ಅಂದರೆ ಒಪ್ಪಬೇಡ. ಪ್ರತಿ ಬೋರ್ಡಿಗೂ ತನ್ನ ಡಿಸ್ಕಿನ ಗುಟ್ಟು ಗೊತ್ತಿರೋ ಒಂದು ಚಿಪ್ ಇರುತ್ತೆ, ಬೇರೆಯದು ಹಾಕಿದರೆ ಗುರುತು ಹಿಡಿಯೋಲ್ಲ.

ಪ್ರತಿಯ ಡಿಸ್ಕ್, ನನ್ನ ಚಿಕ್ಕ ಕಟ್ಟರ್ ಪಾರ್ಸೆಲ್ ಮಾಡಿದ್ದೀನಿ. ಕೆಲಸ ನೀನೇ ಮಾಡು. ಬೊಂಬೆಯ ಕಣ್ಣುರೆಪ್ಪೆ ಕೂದಲೆಳೆಯಷ್ಟು ಸರಿಸುವವಳಿಗೆ ಇದೇನು ಮಹಾ.

ಇಂತಿ,
ಅಪ್ಪ


ಏಪ್ರಿಲ್ 15

ಅಮ್ಮ,

ಇದನ್ನು ಅಪ್ಪನಿಗೆ ಓದಿ ಹೇಳಬೇಡ.

ಅವರ ಕಾಗದ ಓದಿ ನನಗೆ ಮೈಯೆಲ್ಲ ಉರೀತು. ಸುಟ್ಟವರು ಅವರು, ಬಿಚ್ಚಬೇಕಾದವಳು ನಾನು! ಜೀವನ ಪೂರ್ತಿ ಸೋಲ್ಡರಿಂಗ್ ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿದ ಮನುಷ್ಯ, ತಾವು ಮಾಡಿದ ಗಲೀಜನ್ನು ಪಾರ್ಸೆಲ್ ಕಟ್ಟಿ ಕಳಿಸ್ತಾರಾ? ಅದರ ಮೇಲೆ ಕಣ್ಣುರೆಪ್ಪೆ ಅಂತ ಚುಚ್ಚು ಮಾತು ಬೇರೆ. ಪಾರ್ಸೆಲ್ ಹಾಗೇ ವಾಪಸ್ ಕಳಿಸಬೇಕು ಅಂತಿದ್ದೆ.

ಆದರೆ ಅದಕ್ಕೆ ಮುಂಚೆ ಆ ಹಾಳು ಕೇಬಲ್‌ಗಳನ್ನಾದರೂ ಕಿತ್ತು ಬಿಸಾಡೋಣ ಅಂತ ಕ್ಯಾಬಿನೆಟ್ ಮಲಗಿಸಿ ಕೂತೆ. ಸಪ್ಲೈಗೆ ಹಿಂದುಗಡೆ ನಾಲ್ಕು ಸ್ಕ್ರೂ ಇರಬೇಕು. ಎರಡೇ ಇದ್ದವು. ಅದರಲ್ಲೂ ಒಂದು ವಾರೆಯಾಗಿ, ಅರ್ಧಕ್ಕೇ ನಿಂತಿದೆ. ಸುತ್ತಲೂ ಬಣ್ಣ ಕೆತ್ತಿಹೋಗಿದೆ, ಸ್ಕ್ರೂಡ್ರೈವರ್ ಜಾರಿ ಜಾರಿ ಎಳೆದ ಗೀರು. ಉಳಿದ ಸ್ಕ್ರೂ ಒಳಗೆ ತಳದಲ್ಲಿ ಬಿದ್ದಿವೆ, ಅಲುಗಿಸಿದರೆ ಗಲಗಲ ಅನ್ನುತ್ತೆ. ಡಿಸ್ಕಿನ ಪ್ಲಗ್ಗು ಇಕ್ಕಟ್ಟಿನಲ್ಲಿದೆ, ಎರಡು ಬೆರಳು ತೂರಿಸಿ ಗಟ್ಟಿಯಾಗಿ ಚಿವುಟಿ ಎಳೀಬೇಕು. ಅದರ ಕೊಕ್ಕೆ ಅರ್ಧ ಮುರಿದಿದೆ. ಯಾರೋ ಎಳೆದು ನೋಡಿದ್ದಾರೆ. ಆಗಿಲ್ಲ. ಬಿಟ್ಟಿದ್ದಾರೆ.

ಅಮ್ಮ, ನಾನು ಚಿಕ್ಕವಳಿದ್ದಾಗ ಒಂದು ಸ್ಕ್ರೂ ನೆಲಕ್ಕೆ ಬಿದ್ದರೆ ಅದು ಸಿಗೋವರೆಗೂ ಅಪ್ಪ ನನ್ನನ್ನು ಊಟಕ್ಕೆ ಏಳೋಕೆ ಬಿಡ್ತಿರಲಿಲ್ಲ. ಅವರು ಮಾಡಿದ ಕೆಲಸ ಅಲ್ಲ ಇದು.

ಪ್ರಿಂಟ್ ಹೊಡೆದ ಚೀಟಿ. ಪ್ರಿಂಟ್ ಹೊಡೆದ ಕಾಗದ. ನನ್ನ ಮನೆಗೆ ನಾನಿಲ್ಲದಾಗಲೇ ಬಂದು ಹೋಗಿದ್ದು. ನಿಜ ಹೇಳು. ಅಪ್ಪನ ಕೈಗೆ ಏನಾಗಿದೆ? ನನ್ನ ಹತ್ತಿರ ಸುಳ್ಳು ಹೇಳಿದ್ರೆ ಮುಖ ನೋಡಲ್ಲ.

ನಿನ್ನ ಮಗಳು


ಏಪ್ರಿಲ್ 21

ಮಗಳೇ,

ನೀನು ಕೇಳಿದ್ದು ಒಳ್ಳೇದಾಯ್ತು. ಕೇಳದೆ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಕೇಳಿದ್ರೆ ಹೇಳಲ್ಲ ಅಂತ ಕೊಟ್ಟಿಲ್ಲ.

ನಡುಗುತ್ತೆ. ಹೋದ ವರ್ಷದ ಬೇಸಿಗೆಯಿಂದ. ಮೊದಲು ಬಲಗೈ ಹೆಬ್ಬೆರಳು ಒಂದೇ, ಸುಮ್ಮನೆ ಕೂತಾಗ. ಈಗ ಮೊಣಕೈವರೆಗೂ ಬಂದಿದೆ. ಶರ್ಟಿನ ಗುಂಡಿ ನಾನೇ ಹಾಕ್ತೀನಿ. ಟೀ ಅರ್ಧ ಲೋಟ ಕೊಡ್ತೀನಿ, ತುಂಬಾ ಕೊಟ್ಟರೆ ಚೆಲ್ಲುತ್ತೆ. ಮನೆಗೆ ಯಾರಾದರೂ ಬಂದರೆ "ಈಗಷ್ಟೇ ಕುಡಿದೆ" ಅಂತಾರೆ. ಕೀಬೋರ್ಡ್ ಒತ್ತೋದು ಒಂದೊಂದೇ ಬೆರಳಿನಲ್ಲಿ ಹೇಗೋ ನಡೆಯುತ್ತೆ, ಪೆನ್ನು ಹಿಡಿಯೋಕಾಗಲ್ಲ. ಡಾಕ್ಟರ ಹತ್ತಿರ ಬನ್ನಿ ಅಂದ್ರೆ ಮನೆ ಹಾರಿಹೋಗೋ ಹಾಗೆ ಕೂಗ್ತಾರೆ.

ಆ ದಿನ ನಿನ್ನ ಮನೆಗೆ ನಾನೂ ಬಂದಿದ್ದೆ. ಟಾರ್ಚ್ ಹಿಡಿದು ನಿಂತಿದ್ದೆ. ಹಳೇ ಸಪ್ಲೈ ಹೇಗೋ ಬಿಚ್ಚಿದರು, ಹೊಸದನ್ನು ಕೂರಿಸಿದರು. ಒಂದು ಸ್ಕ್ರೂ ಬಿತ್ತು, ಇನ್ನೊಂದು ಬಿತ್ತು. ಆಮೇಲೆ ಆ ಪ್ಲಗ್ಗು. ಬೆರಳು ತೂರಿಸ್ತಾರೆ, ಹಿಡೀತಾರೆ, ಜಾರುತ್ತೆ. ಮತ್ತೆ ತೂರಿಸ್ತಾರೆ. ಮುಖವೆಲ್ಲ ಬೆವರು. ನಾನು "ಸ್ವಲ್ಪ ಸರೀರಿ, ನಾನು ಎಳೀತೀನಿ" ಅಂದೆ. ನನ್ನ ಕಡೆ ಹೇಗೆ ತಿರುಗಿ ನೋಡಿದರು ಅಂದ್ರೆ, ನಾನು ಟಾರ್ಚನ್ನೇ ಇನ್ನಷ್ಟು ಹತ್ತಿರ ಹಿಡಿದೆ. ಆಮೇಲೆ "ಇರಲಿ, ಇದೇ ಕೂರುತ್ತೆ ಅದಕ್ಕೆ" ಅಂತ ಹಳೇ ಕೇಬಲ್ಲನ್ನೇ ಹೊಸದಕ್ಕೆ ಒತ್ತಿದರು. ಕೂತಿತು. ನನಗೆ ಹೋದ ಜೀವ ಬಂದ ಹಾಗಾಯ್ತು. ಅದು ನಿನ್ನ ಆರು ವರ್ಷ ಸುಡುತ್ತೆ ಅಂತ ನನಗೇನು ಗೊತ್ತು?

ನಿನಗೆ ಯಾಕೆ ಹೇಳಬಾರದು ಅಂತ ನಾನೂ ಜಗಳ ಆಡಿದ್ದೀನಿ. "ಅವಳು ಕೈ ನಂಬಿ ಬದುಕುವವಳು. ಅವಳ ಕೈ ನನ್ನ ಕೈಯ ಹಾಗೇ ಇದೆ. ಇದನ್ನು ನೋಡಿದರೆ ದಿನಾ ತನ್ನ ಕೈ ನೋಡಿಕೊಳ್ತಾ ಕೂರ್ತಾಳೆ" ಅಂದರು. ಅವತ್ತೇ ನಾನು ಆ ಮಾತು ಕೊಟ್ಟಿದ್ದು.

ಈಗ ಬಯ್ಯಿ. ನನ್ನನ್ನೂ ಸೇರಿಸಿ ಬಯ್ಯಿ. ಆದರೆ ಆ ಡಿಸ್ಕ್ ವಾಪಸ್ ಕಳಿಸಬೇಡ. ಗುಜರಿಯಿಂದ ಕೆಟ್ಟ ಡಿಸ್ಕ್‌ಗಳನ್ನು ತಂದು, ಆ ಡಯೋಡ್ ತೆಗೆಯೋಕೆ ಕೂತಿದ್ದರು, ದಿನಗಟ್ಟಲೆ. ಒಂದೂ ಬೋರ್ಡ್ ಉಳೀಲಿಲ್ಲ. ಎಲ್ಲ ಗೀರಿ ಹಾಕಿದರು. ಆಮೇಲೇ ನಿನಗೆ ಬರೆದಿದ್ದು.

ಅಮ್ಮ


ಮೇ 11

ಅಪ್ಪ,

ಮೊದಲು ಕೆಲಸದ ಮಾತು, ನೀವು ಹೇಳಿಕೊಟ್ಟ ಹಾಗೆ.

ಪ್ರತಿಯ ಡಿಸ್ಕಿನಲ್ಲಿ ಒಂದು ಡಯೋಡ್ ಎರಡೂ ಕಡೆ ಕುಯ್ ಅಂತು. ಐದು ವೋಲ್ಟಿನದು. ನಿಮ್ಮ ಕಟ್ಟರಿನಲ್ಲಿ ಎಳೀದೆ, ಸ್ವಲ್ಪ ಸ್ವಲ್ಪವೇ ಕಚ್ಚಿಸಿ ತೆಗೆದೆ. ತಾಮ್ರ ಏಳಲಿಲ್ಲ. ಅಂಗಡಿಯಾಕೆ ತನ್ನ ಕೈಯಾರೆ ಸರಿಯಾದ ಕೇಬಲ್ ಹಾಕಿ, ತಾನೇ ಸ್ವಿಚ್ ಒತ್ತೋಕೆ ಹೆದರಿ, "ನೀವೇ ಒತ್ತಿ" ಅಂದಳು. ಒತ್ತಿದೆ. ತಿರುಗಿತು ಅಪ್ಪ. ಅಂಗಡಿ ಅಂತಾನೂ ನೋಡದೆ ಅತ್ತುಬಿಟ್ಟೆ. ಅಕ್ಟೋಬರಿನವರೆಗಿನದು ಒಂದೂ ಬಿಡದೆ ಸಿಕ್ಕಿತು. ಮೂರು ಪ್ರತಿ ಮಾಡಿದ್ದೀನಿ, ಮೂರೂ ಮೂರು ಮನೆಯಲ್ಲಿವೆ. ನಿಮ್ಮ ಮನೆಯಲ್ಲಿ ಇಲ್ಲ.

ಮೊದಲನೇ ಡಿಸ್ಕ್ ಏಳಲಿಲ್ಲ. ಅದರಲ್ಲಿ ಡಯೋಡ್ ಒಂದೇ ಅಲ್ಲ, ಮೋಟಾರ್ ತಿರುಗಿಸೋ ಚಿಪ್ಪಿಗೇ ತೂತು ಬಿದ್ದಿದೆ. ಮೇಕೆ ಮಾಳಿಗೆ ಹತ್ತೋ ದೃಶ್ಯ ಪೂರ್ತಿ ಹೋಯ್ತು. ಸಂಸ್ಥೆಯವರನ್ನು ಕೇಳಿಕೊಂಡೆ, ಮುಂದಿನ ವರ್ಷಕ್ಕೆ ನೋಡೋಣ ಅಂದರು. ಈ ವರ್ಷ ಬೇರೆ ಯಾರದೋ ಚಿತ್ರ ಹೋಗುತ್ತೆ. ಅದಕ್ಕೆ ನನಗೆ ಹೊಟ್ಟೆ ಉರೀತಿದೆ, ಉರೀತಾನೇ ಇರುತ್ತೆ. ಪರವಾಗಿಲ್ಲ ಅಂತ ನಾನು ಬರೀತೀನಿ ಅಂದುಕೊಂಡಿದ್ದರೆ ಆ ಆಸೆ ಬಿಡಿ.

ಇನ್ನು ಅಸಲು ವಿಷಯ. ನನಗೆ ಗೊತ್ತಾಗಿದೆ. ಅಮ್ಮನ ಮೇಲೆ ಹಾರಿಬೀಳಬೇಡಿ, ಸ್ಕ್ರೂಗಳನ್ನು ನೋಡಿ ಕಂಡುಹಿಡಿದವಳು ನಾನು, ಕೇಳಿದವಳೂ ನಾನು.

ಎಷ್ಟು ಸಿಟ್ಟು ಬಂದಿದೆ ಅಂತ ಹೇಳೋಕೆ ಆಗ್ತಿಲ್ಲ. ಡಿಸ್ಕ್ ಸುಟ್ಟಾಗ ಇಷ್ಟು ಬಂದಿರಲಿಲ್ಲ. ಸೋಮಾರಿ ಅಂತ ಬೈದೆ, ಮೇಕೆ ಸಿನಿಮಾಗೆ ಇಷ್ಟು ಸಾಕು ಅಂದುಕೊಂಡ್ರಾ ಅಂತ ಬೈದೆ, ಕೈಯಲ್ಲಿ ಬರೆಯೋಕೂ ಪುರುಸೊತ್ತಿಲ್ವಾ ಅಂತ ಬೈದೆ. ಎಲ್ಲ ಕೇಳಿಸಿಕೊಂಡು "ನೀಟಾಗಿ ಕಟ್ಟಿತ್ತು" ಅಂತ ಬರೆದ್ರಲ್ಲ! ಮಗಳ ಬಾಯಲ್ಲಿ ಸೋಮಾರಿ ಅನ್ನಿಸಿಕೊಂಡರೂ ಸರಿ, ಕೈ ನಡುಗುತ್ತೆ ಅಂತ ಗೊತ್ತಾಗಬಾರದು, ಅಲ್ವಾ? ಒಂದು ಮಾತು ಹೇಳಿದ್ದರೆ ಆ ಪ್ಲಗ್ಗನ್ನು ನಾನು ಒಂದು ನಿಮಿಷದಲ್ಲಿ ಕಿತ್ತುಕೊಡ್ತಿದ್ದೆ. ನನ್ನ ಚಿತ್ರ ಹೋಗಿದ್ದು ಕೇಬಲ್ಲಿಂದಲ್ಲ. ನಿಮ್ಮ ಈ ಹಾಳು ಬಿಂಕದಿಂದ.

ಅವಳು ತನ್ನ ಕೈ ನೋಡಿಕೊಳ್ತಾ ಕೂರ್ತಾಳೆ ಅಂದ್ರಂತೆ. ಹೌದು, ಕೂತೆ. ಒಂದಿಡೀ ದಿನ ಅಂಗೈ ಚಾಚಿಕೊಂಡು ಕೂತೆ. ಸರಿ, ಈಗೇನು? ನಾಳೆ ನನ್ನದೂ ನಡುಗಿದರೆ ನಾನು ಯಾರನ್ನು ನೋಡಿ ಕಲೀಬೇಕು? ಬಾಗಿಲು ಹಾಕಿಕೊಂಡು, ಇಲ್ಲ ಇಲ್ಲ ಅಂತ ಕೂಗೋದನ್ನಾ?

ಭಾನುವಾರ ಅಮ್ಮನನ್ನು ಕರೆದುಕೊಂಡು ಬನ್ನಿ. ಸೋಮವಾರ ನರದ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೀನಿ, ನಾನೇ ಕರೆದುಕೊಂಡು ಹೋಗ್ತೀನಿ. ಕೂಗಾಡೋದಿದ್ದರೆ ಬಸ್ಸಿನಲ್ಲೇ ಕೂಗಾಡಿ ಮುಗಿಸಿಕೊಂಡು ಬನ್ನಿ. ಆಮೇಲೆ ಒಂದು ತಿಂಗಳು ಇಲ್ಲೇ ಇರಬೇಕು. ಮಾಳಿಗೆ ಮತ್ತೆ ಕಟ್ಟಬೇಕು, ಮೇಕೆಯನ್ನು ಮತ್ತೆ ಹತ್ತಿಸಬೇಕು. ನಾನು ಕಾಲು ಸರಿಸಿದಾಗೆಲ್ಲ ಕಂಪ್ಯೂಟರಿನಲ್ಲಿ ಒಂದು ಕೀ ಒತ್ತಿ ಫೋಟೋ ತೆಗೆಯೋಕೆ ಒಬ್ಬರು ಬೇಕು. ಒಂದೇ ಕೀ. ಕೈ ಹೇಗಿದ್ದರೂ ನಡೆಯುತ್ತೆ, ತಾಳ್ಮೆ ಬೇಕು ಅಷ್ಟೇ. ಅದು ನಿಮಗಿಲ್ಲ. ಕಲೀರಿ.

ಟೀ ಲೋಟದ ತುಂಬಾ ಕೊಡ್ತೀನಿ. ಚೆಲ್ಲಿದರೆ ಒರೆಸ್ತೀನಿ. ನಡುಗೋದಿದ್ದರೆ ನನ್ನ ಎದುರಿಗೇ ನಡುಗಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ಮೆಣಸಿನಕಾಯಿ